ಓದುವವರಿಗೇ ಏಳುವ ಬರೆ

ಇವತ್ತು ಬೆಳಿಗ್ಗೆ ಕ್ಯಾಲಮೈನ್ ಬಾಟಲಿಯ ಮುಚ್ಚಳ ತೆಗೆದೆ ನೋಡಿ, ಆ ತಣ್ಣನೆಯ, ಸುಣ್ಣದಂಥ ವಾಸನೆ ಮೂಗಿಗೆ ಬಿದ್ದದ್ದೇ ತಡ, ನ್ಯಾಮತಿಯ ನನ್ನ ಬಾಡಿಗೆ ಮನೆಯಿಂದ ನನ್ನನ್ನು ಎತ್ತಿ ಒಯ್ದು ಸೂಳೆಕೆರೆ ಹತ್ತಿರದ ನಮ್ಮೂರಿನ ಪಡಸಾಲೆಯಲ್ಲಿ ಕೂರಿಸಿಬಿಟ್ಟಿತು. ನಿಮಗೂ ಅಂಥದೊಂದು ವಾಸನೆ ಇದ್ದೇ ಇರುತ್ತದೆ. ಕೆಲವರಿಗೆ ಹೊಸ ಪುಸ್ತಕದ್ದು, ಕೆಲವರಿಗೆ ಸೀಮೆಎಣ್ಣೆಯದು. ನನ್ನದು ಮೆಡಿಕಲ್ ಶಾಪಿನದು. ಹೇಳಿಕೊಳ್ಳಲು ಅಷ್ಟೇನೂ ಚೆಂದವಲ್ಲ, ಆದರೆ ಇರುವುದು ಅದೇ.

ಬಾಟಲಿ ತೆಗೆದದ್ದು ಜಯತ್ತೆಗಾಗಿ. ಜಯತ್ತೆ ನನ್ನ ಅಪ್ಪನ ತಂಗಿ. ಕೊಟ್ಟದ್ದು ಜಗಳೂರಿಗೆ. ಮಕ್ಕಳೆಲ್ಲ ಅವರವರ ದಾರಿ ಹಿಡಿದ ಮೇಲೆ, ಸ್ವಲ್ಪ ದಿನ ಇದ್ದು ಹೋಗು ಬಾ ಎಂದು ನಾನೇ ಕರೆಸಿಕೊಂಡಿದ್ದೇನೆ. ಬೆಳಿಗ್ಗೆ ಮುಖ ತೊಳೆದು ಬಂದವಳ ಕುತ್ತಿಗೆಯ ಮೇಲೆ ಕೆಂಪಗೆ ಒಂದು ಗೆರೆ ಎದ್ದಿತ್ತು, ಯಾರೋ ಬೆತ್ತದಲ್ಲಿ ಬಾರಿಸಿದ ಹಾಗೆ. ಅದರುದ್ದಕ್ಕೂ ಸಾಸಿವೆ ಗಾತ್ರದ ನೀರುಗುಳ್ಳೆಗಳು. ನಮ್ಮ ಮನೆಯ ಹಿಂದೆ ಕಾಲುವೆ ನೀರಿನ ಗದ್ದೆ, ಭತ್ತ ಕೊಯ್ಲಿಗೆ ಬಂದಿದೆ. ನಿನ್ನೆ ಸಂಜೆ ಅತ್ತೆ ಗಾಳಿಗೆಂದು ಹೊರಗಿನ ಲೈಟಿನ ಕೆಳಗೆ ಬಹಳ ಹೊತ್ತು ಕೂತಿದ್ದಳು. ನನಗೆ ಬೇರೆ ಯಾವ ವಿವರಣೆಯೂ ಬೇಕಾಗಲಿಲ್ಲ.

ನನ್ನ ಗಂಡ ಕಾಫಿ ಲೋಟ ಹಿಡಿದು ಬಂದವರು ನೋಡಿ ಗಾಬರಿಯಾದರು. ಯಾರು ಹೊಡೆದದ್ದು ಅತ್ತೇ ಎಂದು ಕೇಳಿದರು.

"ಹಳೇ ಗುರ್ತಿನೋರು ಕಣಪ್ಪಾ" ಎಂದಳು ಅತ್ತೆ. "ಭಾಳ ವರ್ಷ ಆಗಿತ್ತು ನೋಡಿ. ಮಾತಾಡಿಸ್ಕೊಂಡು ಹೋದ್ರು."

ಅವರಿಗೆ ಅರ್ಥವಾಗಲಿಲ್ಲ. ಶಾಲೆಗೆ ಹೊತ್ತಾಗಿತ್ತು, ನಾನೂ ಬಿಡಿಸಿ ಹೇಳಲಿಲ್ಲ. ಈಗ ನಿಮಗೆ ಹೇಳುತ್ತೇನೆ.

ನಮ್ಮ ಮನೆತನದಲ್ಲಿ ಡಿಗ್ರಿ ಮಾಡಿದ ಮೊದಲನೆಯವಳು ನಾನು. ಇದನ್ನು ಸಂದರ್ಭ ಸಿಕ್ಕಾಗಲೆಲ್ಲ ಹೇಳುತ್ತೇನೆ, ಸಿಗದಿದ್ದರೆ ಸಂದರ್ಭ ಮಾಡಿಕೊಂಡು ಹೇಳುತ್ತೇನೆ. ಗೇಟಿನ ಬೋರ್ಡಿನಲ್ಲಿ ನನ್ನ ಹೆಸರಿಗಿಂತ ಬಿ.ಎಸ್ಸಿ., ಬಿ.ಎಡ್. ಎಂಬುದೇ ದಪ್ಪಗಿದೆ ಎಂದು ಸಹೋದ್ಯೋಗಿಗಳು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಹೆಸರು ಯಾರೋ ಇಟ್ಟದ್ದು, ಡಿಗ್ರಿ ನಾನು ಸಂಪಾದಿಸಿದ್ದು. ಆ ಡಿಗ್ರಿ ಒಂದು ಹುಳದಿಂದಾಗಿ ಕೈತಪ್ಪುವುದರಲ್ಲಿತ್ತು ಎಂದರೆ ನೀವು ನಗಬಹುದು.

ಅಪ್ಪ ರೈಸ್‌ಮಿಲ್ಲಿನಲ್ಲಿ ಮೂಟೆ ಹೊರುತ್ತಿದ್ದ. ಮನೆಯ ಮೂರು ಕಡೆಗೂ ಗದ್ದೆ, ಒಂದೂ ನಮ್ಮದಲ್ಲ. ನಾನು ಎಸ್ಸೆಸ್ಸೆಲ್ಸಿ ಪಾಸಾಗಿ ಚನ್ನಗಿರಿಯ ಕಾಲೇಜಿಗೆ ಸೇರಿದಾಗ ಅಪ್ಪ ಖುಷಿಗೆ ಪೇಟೆಯಿಂದ ಒಂದು ಟ್ಯೂಬ್‌ಲೈಟು ತಂದು ಪಡಸಾಲೆಯ ಗೋಡೆಗೆ ಹಾಕಿಸಿದ. ಅಲ್ಲಿಯವರೆಗೆ ನಮ್ಮಲ್ಲಿದ್ದದ್ದು ಅರಿಶಿನದ ನೀರಿನಂಥ ಬೆಳಕು ಕೊಡುವ ಬುರುಡೆ ಬಲ್ಬು. ಟ್ಯೂಬ್‌ಲೈಟು ಹತ್ತಿದ ದಿನ ಬೀದಿಯವರೆಲ್ಲ ಬಂದು ನೋಡಿಹೋದರು. ಗೋಡೆಯಲ್ಲಿನ ಬಿರುಕುಗಳೆಲ್ಲ ಕಾಣುವಂತಾಯಿತಲ್ಲಪ್ಪ ಎಂದು ಅಮ್ಮ ಮಾತ್ರ ಪೇಚಾಡಿದಳು. ಊಟವಾದ ಮೇಲೆ ಅದರ ಕೆಳಗೆ ಚಾಪೆ ಹಾಸಿಕೊಂಡು ನಾನು ಓದಲು ಕೂರುತ್ತಿದ್ದೆ. ಉಳಿದವರೆಲ್ಲ ಒಳಗೆ ಟೀವಿ ಮುಂದೆ.

ಆ ವರ್ಷ ಭತ್ತ ಹಣ್ಣಾಗುವ ಹೊತ್ತಿಗೆ ನನ್ನ ಕುತ್ತಿಗೆಯ ಮೇಲೆ ಮೊದಲ ಬರೆ ಎದ್ದಿತು. ರಾತ್ರಿ ಮಲಗುವಾಗ ಏನೂ ಇಲ್ಲ, ಬೆಳಿಗ್ಗೆ ಎದ್ದರೆ ಕೆಂಡ ಸವರಿದ ಹಾಗೆ ಉರಿ. ಅದು ಮಾಯುವಷ್ಟರಲ್ಲಿ ಮೊಣಕೈ ಮಡಿಕೆಯಲ್ಲಿ ಇನ್ನೊಂದು. ವಿಚಿತ್ರವೆಂದರೆ ಕೈ ಮಡಿಸಿದಾಗ ಎಲ್ಲಿ ತಾಗುತ್ತದೋ ಅಲ್ಲಿಯೂ ಅದರದೇ ಪಡಿಯಚ್ಚು. ಊರಿನಲ್ಲಿ ಇದಕ್ಕೆ ವಿವರಣೆಗಳಿಗೇನೂ ಬರವಿರಲಿಲ್ಲ. ಜೇಡ ಉಚ್ಚೆ ಹೊಯ್ದಿದೆ ಎಂದರು ಕೆಲವರು. ದೃಷ್ಟಿ ಎಂದರು, ಉಷ್ಣ ಎಂದರು. ಹೆಚ್ಚಿನವರು ಹೇಳಿದ್ದು ಸರ್ಪಸುತ್ತು ಎಂದು. ಅದು ಮೈ ಸುತ್ತಿಕೊಂಡು ಬೆಳೆಯುತ್ತದೆ, ಹಾವಿನ ಬಾಯಿಗೆ ಬಾಲ ಕೂಡಿದರೆ ಮನುಷ್ಯ ಉಳಿಯುವುದಿಲ್ಲ ಎಂಬ ನಂಬಿಕೆ ನಿಮಗೂ ಗೊತ್ತಿರಬಹುದು. ನಮ್ಮ ಅಜ್ಜಿಗೆ, ಅಂದರೆ ಅಪ್ಪನ ತಾಯಿಗೆ, ಅದು ಕಲ್ಲಿನಂಥ ನಂಬಿಕೆ. ದಿನಾ ಬೆಳಿಗ್ಗೆ ನನ್ನನ್ನು ಬಾಗಿಲ ಬಿಸಿಲಿಗೆ ನಿಲ್ಲಿಸಿ, ಜಡೆ ಎತ್ತಿ, ಬರೆಯ ಎರಡೂ ತುದಿಯ ನಡುವೆ ಎಷ್ಟು ಜಾಗ ಉಳಿದಿದೆ ಎಂದು ಬೆರಳಿಟ್ಟು ಅಳೆಯುತ್ತಿದ್ದಳು. ಒಮ್ಮೆ ಅಳೆದದ್ದು ಸಾಲದೆ ಮತ್ತೊಮ್ಮೆ ಅಳೆಯುತ್ತಿದ್ದಳು. ನನಗೆ ಕಾಲೇಜಿನ ಬಸ್ಸು ತಪ್ಪುತ್ತದೆಂಬ ಸಿಡುಕು.

ಹೊನ್ನಾಳಿಯಲ್ಲಿ ಸರ್ಪಸುತ್ತು ಬರೆಯುವವರೊಬ್ಬರಿದ್ದರು. ಅಜ್ಜಿ ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋದಳು. ಅವರು ಕೆಮ್ಮಣ್ಣು ಕಲಸಿ ಕುತ್ತಿಗೆಯ ಎರಡೂ ಕಡೆ ಸಿಂಹ ಬರೆದರು. ಸಿಂಹ ಕಂಡರೆ ಹಾವು ಸರಿದು ಹೋಗುತ್ತದಂತೆ. ಮಣ್ಣು ತಾನಾಗಿ ಉದುರುವವರೆಗೆ ತೊಳೆಯುವಂತಿಲ್ಲ. ಹಾಗೇ ಕಾಲೇಜಿಗೆ ಹೋದೆ. ಸಿಂಹ ಸಿಂಹದಂತಿದ್ದರೂ ಆಗುತ್ತಿತ್ತು, ನೋಡಿದವರೆಲ್ಲ ಬೆಕ್ಕು ಅಂದರು. ಆಮೇಲೆ ದರ್ಗಾದ ಸಾಬರ ಹತ್ತಿರ ಊದಿಸಿಕೊಂಡು ಬಂದದ್ದೂ ಆಯಿತು. ಗಾಯ ಅದರ ಪಾಡಿಗೆ ಅದು ಮಾಯುತ್ತಿತ್ತು, ಮಾಯಿದ ಕಡೆ ಕಂದು ಕಲೆ ಬಿಡುತ್ತಿತ್ತು, ಮತ್ತೆ ಹೊಸದು ಏಳುತ್ತಿತ್ತು.

ಈಗ ಅಜ್ಜಿಯ ತರ್ಕ ಕೇಳಿ. ಅವಳಿಗೆ ಓದು ಬರುತ್ತಿರಲಿಲ್ಲ, ಆದರೆ ಒಂದು ವಿಷಯ ತಲೆಗೆ ಹೊಕ್ಕರೆ ಅದನ್ನು ಎಲ್ಲ ಕಡೆಯಿಂದಲೂ ತಿರುಗಿಸಿ ನೋಡುವವಳು. ಅಪ್ಪನಿಗೆ ಬರೆ ಏಳುವುದಿಲ್ಲ. ಅಮ್ಮನಿಗಿಲ್ಲ. ಪುಸ್ತಕ ಕಂಡರೆ ಆಕಳಿಸುವ ನನ್ನ ತಮ್ಮನಿಗಂತೂ ಇಲ್ಲವೇ ಇಲ್ಲ. ಒಂದೇ ಮನೆ, ಒಂದೇ ನೀರು, ಒಂದೇ ಅನ್ನ. ನಾನೊಬ್ಬಳೇ ಮಾಡುವ, ಬೇರೆ ಯಾರೂ ಮಾಡದ ಕೆಲಸ ಯಾವುದು? ಓದುವುದು. ಇದರ ಮೇಲೆ ಇನ್ನೊಂದು ಸಾಕ್ಷಿಯೂ ಒದಗಿತು. ರಜೆಗೆಂದು ನನ್ನನ್ನು ಜಗಳೂರಿಗೆ, ಜಯತ್ತೆಯ ಮನೆಗೆ ಕಳಿಸಿದರು. ಅಲ್ಲಿದ್ದಷ್ಟು ದಿನವೂ ಒಂದು ಗುಳ್ಳೆಯೂ ಏಳಲಿಲ್ಲ. ಮೈಯೆಲ್ಲ ತಿಳಿಯಾಗಿ ವಾಪಸು ಬಂದೆ. ಅಲ್ಲಿ ಓದಿದೆಯೇನು ಎಂದು ಅಜ್ಜಿ ಕೇಳಿದಳು. ರಜೆಗೆ ಹೋದವಳು ಪುಸ್ತಕ ಯಾಕೆ ಒಯ್ಯಲಿ, ಇಲ್ಲ ಎಂದೆ. ಅಜ್ಜಿ ಅಪ್ಪನ ಮುಖ ನೋಡಿದಳು. ಒಂದೇ ಒಂದು ಪುಸ್ತಕ ಚೀಲಕ್ಕೆ ಹಾಕಿಕೊಂಡು ಹೋಗಿದ್ದರೆ ಸಾಕಿತ್ತು ಎಂದು ಆಮೇಲೆ ಎಷ್ಟು ಸಲ ಅಂದುಕೊಂಡೆನೋ.

ಅಜ್ಜಿಯ ಭಯದ ಬೇರು ಇನ್ನೂ ಆಳದಲ್ಲಿತ್ತು. ಅದನ್ನು ಅಮ್ಮ ನನಗೆ ರೊಟ್ಟಿ ತಟ್ಟುತ್ತಾ ಹೇಳಿದಳು. ಜಯತ್ತೆ ಚಿಕ್ಕವಳಿದ್ದಾಗ ಓದಿನಲ್ಲಿ ಚುರುಕಂತೆ. ಆಗ ಮನೆಗೆ ಕರೆಂಟು ಇರಲಿಲ್ಲ, ಮನೆಯೆದುರಿನ ಕಂಬಕ್ಕೆ ಮಾತ್ರ ಹೊಸದಾಗಿ ಲೈಟು ಬಂದಿತ್ತು. ಸಂಜೆ ಆ ಕಂಬದ ಬುಡದಲ್ಲಿ ಗೋಣಿಚೀಲ ಹಾಸಿಕೊಂಡು ಓದುತ್ತಿದ್ದಳು. ಅವಳಿಗೂ ಹೀಗೇ ಬರೆ. ಒಂದು ಸಲ ಕಣ್ಣಿನ ಪಕ್ಕದಲ್ಲೇ ಎದ್ದು ರೆಪ್ಪೆ ಮುಚ್ಚಿಹೋಯಿತು. ಯಾರೋ ಹೇಳಿದ ಸೊಪ್ಪು ಅರೆದು ಹಚ್ಚಿದ್ದಕ್ಕೆ ಇನ್ನಷ್ಟು ಹುಣ್ಣಾಯಿತು. ಕಣ್ಣು ಉಳಿದದ್ದೇ ಪುಣ್ಯ ಎಂದು ಅಜ್ಜಿ ಶಾಲೆ ಬಿಡಿಸಿದಳು. ಶಾಲೆ ಬಿಡಿಸಿದ ಮೇಲೆ ಬರೆ ಬರಲಿಲ್ಲ. ಕಂಬದ ಬುಡದಲ್ಲಿ ಕೂರುವುದೂ ನಿಂತಿತ್ತಲ್ಲ. ಯಾವ ಸೀಮೆಯ ಗಾಳಿ ಮೈಗೆ ಒಗ್ಗುತ್ತದೋ ಅಲ್ಲೇ ಇರಲಿ ಎಂದು ನೀರಿಲ್ಲದ ಜಗಳೂರಿನ ಕಡೆ ಗಂಡು ಹುಡುಕಿದರು. ಜಯತ್ತೆಯ ಎಡಗಣ್ಣಿನ ಪಕ್ಕದ ಸುಕ್ಕಿನಂಥ ಕಲೆಯನ್ನು ನಾನು ಹುಟ್ಟಿದಾಗಿನಿಂದ ನೋಡಿದ್ದೆ. ಕೆಲವರಿಗೆ ಮಚ್ಚೆ ಇರುವ ಹಾಗೆ ಇವಳಿಗೆ ಅದು ಎಂದುಕೊಂಡಿದ್ದೆ.

ಸೆಕೆಂಡ್ ಪಿಯುಸಿ ರಿಸಲ್ಟು ಬಂದು, ಡಿಗ್ರಿಗೆ ಸೇರಬೇಕು ಎನ್ನುವ ಹೊತ್ತಿನಲ್ಲಿ, ಬೇಸಿಗೆ ಭತ್ತದ ಕೊಯ್ಲಿನ ಕಾಲಕ್ಕೆ, ಮುಂದಿನ ಪುಸ್ತಕಗಳನ್ನು ಆಗಲೇ ತಂದು ಟ್ಯೂಬ್‌ಲೈಟಿನ ಕೆಳಗೆ ಓದುತ್ತಿದ್ದ ನನ್ನ ಬಲಗಣ್ಣಿನ ಕೆಳಗೆ ಬರೆ ಎದ್ದಿತು.

ಆ ದಿನ ಅಜ್ಜಿ ಅಳತೆ ಮಾಡಲಿಲ್ಲ. ಸ್ಟೂಲು ತರಿಸಿ, ತಮ್ಮನನ್ನು ಹತ್ತಿಸಿ ಟ್ಯೂಬ್‌ಲೈಟು ಬಿಚ್ಚಿಸಿದಳು. ಅದನ್ನು ಹಳೆಯ ಸೀರೆಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿಸಿದಳು. "ಸಾಕು ಓದಿದ್ದು. ಒಂದು ಕಣ್ಣು ದೇವ್ರು ಉಳಿಸಿಕೊಟ್ಟ. ಎರಡ್ನೇ ಸಲ ಕೇಳಾಕೆ ನನಗೆ ಮುಖ ಇಲ್ಲ" ಎಂದಳು. ಅಪ್ಪ ಅಜ್ಜಿಯ ಮಾತಿಗೆ ಎದುರಾಡಿದವನಲ್ಲ. ನಾನು ಅತ್ತು ಕರೆದೆ, ಊಟ ಬಿಟ್ಟೆ. ಒಂದೂ ನಡೆಯಲಿಲ್ಲ. ಬೈದಿದ್ದರೆ ಜಗಳವಾಡಬಹುದಿತ್ತು. ಅವಳು ಬೈಯಲಿಲ್ಲ, ನನ್ನ ಕಣ್ಣಿಗೆ ಒದ್ದೆ ಬಟ್ಟೆ ಇಟ್ಟುಕೊಂಡು ಪಕ್ಕದಲ್ಲೇ ಕೂತಿದ್ದಳು. ಪ್ರೀತಿಯ ಎದುರು ಜಗಳವಾಡುವುದು ಹೇಗೆ ಎಂದು ಯಾವ ಕಾಲೇಜಿನಲ್ಲೂ ಹೇಳಿಕೊಡುವುದಿಲ್ಲ.

ಕೊನೆಗೆ ನಾನೊಂದು ಪಂಥ ಕಟ್ಟಿದೆ. ಚನ್ನಗಿರಿಗೆ ಚರ್ಮದ ಡಾಕ್ಟರೊಬ್ಬರು ಬರುತ್ತಾರಂತೆ, ಅವರ ಮುಂದೆ ನೀನೇ ಎಲ್ಲ ಹೇಳು, ಓದಿದ್ದರಿಂದಲೇ ಆಗುತ್ತಿದೆ ಎಂದು ಅವರು ಹೇಳಿದರೆ ನಾನು ಮತ್ತೆ ಪುಸ್ತಕ ಮುಟ್ಟುವುದಿಲ್ಲ ಎಂದೆ. ಗೆಲ್ಲುವುದು ತಾನೇ ಎಂದು ಅಜ್ಜಿಗೆ ಎಷ್ಟು ಖಾತ್ರಿಯಿತ್ತೆಂದರೆ ಒಳ್ಳೆಯ ಸೀರೆ ಉಟ್ಟುಕೊಂಡು ಹೊರಟಳು.

ಡಾಕ್ಟರು ಹೆಂಗಸು, ತಾಳ್ಮೆಯವರು. ಅಜ್ಜಿ ಎದುರಿಗೆ ಕೂತು ವಕೀಲರ ಹಾಗೆ ಒಂದೊಂದೇ ಮುಂದಿಟ್ಟಳು. ಓದದವರಿಗೆ ಬರಲ್ಲ, ಓದೋಳಿಗೆ ಬರತೈತೆ. ಜಗಳೂರಾಗೆ ಓದಲಿಲ್ಲ, ಬರಲಿಲ್ಲ. ಮಾಗಿಯಲ್ಲಿ ಒಂದು ಸಲ, ಬೇಸಿಗೆಯಲ್ಲಿ ಒಂದು ಸಲ, ಎರಡೂ ಪರೀಕ್ಷೆ ಕಾಲ. ಡಾಕ್ಟರು ಪೂರ್ತಿ ಕೇಳಿಸಿಕೊಂಡು, ಮನೆಯ ಸುತ್ತ ಏನಿದೆ ಎಂದರು. ಗದ್ದೆ ಎಂದೆ. ಓದುವುದು ಎಲ್ಲಿ ಎಂದರು. ಟ್ಯೂಬ್‌ಲೈಟಿನ ಕೆಳಗೆ ಎಂದೆ. ಅವರು ಮೊಬೈಲ್ ತೆಗೆದು ಒಂದು ಚಿತ್ರ ಹುಡುಕಿ ಅಜ್ಜಿಯ ಕಡೆ ಹಿಡಿದರು. ಇರುವೆಯಂಥದೇ ಉದ್ದನೆಯ ಹುಳ. ತಲೆ ಕಪ್ಪು, ನಡು ಕಿತ್ತಳೆ ಬಣ್ಣ, ಅದರ ಹಿಂದೆ ನೀಲಿ ಪಟ್ಟಿ.

"ಅಜ್ಜೀ, ನೀವು ಹೇಳಿದ್ದರಲ್ಲಿ ಅರ್ಧ ಸರಿ ಇದೆ. ಓದುವಾಗಲೇ ಬರೋದು. ಆದ್ರೆ ಓದಿನಿಂದಲ್ಲ, ದೀಪದಿಂದ."

ಈ ಹುಳ ಭತ್ತದ ಗದ್ದೆಯಲ್ಲಿರುತ್ತದೆ, ಬೆಳಕಿಗೆ ಹಾರಿ ಬರುತ್ತದೆ, ಕಚ್ಚುವುದಿಲ್ಲ, ಕುಟುಕುವುದಿಲ್ಲ ಎಂದು ಅವರು ವಿವರಿಸಿದರು. ಮೈಮೇಲೆ ಬಿದ್ದಾಗ ನಾವು ಗಮನವಿಲ್ಲದೆ ಒರೆಸುತ್ತೇವೆ, ಅದು ಅರೆದು ಹೋಗುತ್ತದೆ, ಒಳಗಿನ ರಸ ಚರ್ಮವನ್ನು ಸುಡುತ್ತದೆ. ಇವತ್ತು ಒರೆಸಿದರೆ ಬರೆ ಏಳುವುದು ನಾಳೆ, ಹಾಗಾಗಿ ಯಾರಿಗೂ ಅದರ ಮೇಲೆ ಅನುಮಾನ ಬರುವುದಿಲ್ಲ. ಬಿದ್ದರೆ ಹೊಡೆಯಬೇಡಿ, ಊದಿಬಿಡಿ, ಸೋಪು ಹಾಕಿ ತೊಳೆಯಿರಿ ಎಂದು ಹೇಳಿ, ಉರಿಗೆ ಹಚ್ಚಲು ಕ್ಯಾಲಮೈನ್ ಬರೆದುಕೊಟ್ಟರು.

ಪಂಥ ನಾನು ಗೆದ್ದಿದ್ದೆ. ಕುಣಿಯುವುದೊಂದು ಬಾಕಿ. ಅಜ್ಜಿ ಮಾತ್ರ ಮೊಬೈಲನ್ನೇ ನೋಡುತ್ತಿದ್ದಳು. ಸ್ವಲ್ಪ ಹೊತ್ತಿಗೆ ಕೇಳಿದಳು:

"ಮೊದ್ಲೂ ಇತ್ತೇನ್ರೀ ಇದು? ಈ ಹುಡುಗಿ ಹುಟ್ಟೋಕಿಂತ ಮೊದ್ಲು?"

"ಗದ್ದೆ ಇದ್ದ ಕಡೆ ಯಾವಾಗಲೂ ಇದ್ದದ್ದೇ ಅಜ್ಜಿ" ಎಂದರು ಡಾಕ್ಟರು. ಅವರಿಗೇನು ಗೊತ್ತು.

ಅಜ್ಜಿ ಮನೆಗೆ ಬಂದು ಟ್ಯೂಬ್‌ಲೈಟನ್ನು ಅಟ್ಟದಿಂದ ಇಳಿಸಲೂ ಹೇಳಲಿಲ್ಲ, ಬೇಡ ಅಂತಲೂ ಹೇಳಲಿಲ್ಲ. ಗೆದ್ದ ನನಗೆ ದಿಕ್ಕೇ ತೋಚದಂತಾಯಿತು. ಮಾರನೆಯ ದಿನ ಬೆಳಿಗ್ಗೆ ಅದೇ ಒಳ್ಳೆಯ ಸೀರೆ ಉಟ್ಟು, ನಡೀ ಜಗಳೂರಿಗೆ ಹೋಗಿ ಬರಾನ ಎಂದಳು. ಅಲ್ಲಿಗೆ ಹೋಗಿ ಬಂದ ಮೇಲೆ ನಿನ್ನ ವಿಚಾರ ಎಂದಳು.

ದಾವಣಗೆರೆಯಲ್ಲಿ ಬಸ್ಸು ಬದಲಿಸಿ ಹೋದೆವು. ಜಗಳೂರು ಹತ್ತಿರವಾಗುತ್ತಿದ್ದಂತೆ ಹಸಿರು ತೆಳ್ಳಗಾಗುತ್ತದೆ, ಗಾಳಿ ಒಣಗುತ್ತದೆ. ಜಯತ್ತೆ ಅಂಗಳದಲ್ಲಿ ಕೂತು ಬಿತ್ತನೆಗೆಂದು ಶೇಂಗಾ ಸುಲಿಯುತ್ತಿದ್ದಳು. ಹೇಳದೆ ಕೇಳದೆ ಬಂದ ಅವ್ವನನ್ನು ಕಂಡು, ಯಾರಿಗಾದರೂ ಏನಾದರೂ ಆಯಿತೇನೋ ಎಂದು ಹೆದರಿದಳು. ಏನೂ ಇಲ್ಲ ಎಂದು ಅಜ್ಜಿಯೂ ಕೂತು ಶೇಂಗಾ ಸುಲಿಯತೊಡಗಿದಳು. ಮಳೆಯ ಮಾತಾಯಿತು, ಎಮ್ಮೆಯ ಮಾತಾಯಿತು, ಮಾವನ ಬೆನ್ನುನೋವಿನ ಮಾತಾಯಿತು. ಮೊರದಲ್ಲಿ ಕಾಳಿನ ರಾಶಿ ಬೆಳೆಯುತ್ತಾ ಹೋಯಿತು. ನನಗೆ ಒಳಗೊಳಗೇ ಚಡಪಡಿಕೆ. ಈ ಮಾತು ಆಗದ ಹೊರತು ನನ್ನ ಡಿಗ್ರಿಯ ಮಾತು ಏಳುವುದಿಲ್ಲ ಎನ್ನುವುದು ಅಷ್ಟರಲ್ಲಿ ನನಗೂ ಅರ್ಥವಾಗಿತ್ತು.

"ಜಯಾ, ಅದು ಹುಳ ಅಂತೆ" ಎಂದಳು ಅಜ್ಜಿ, ತಲೆ ಎತ್ತದೆ.

"ಯಾವುದವ್ವಾ?"

"ನಿನ್ನ ಮಾರೀಗೆ, ಕಣ್ಣಿನ ಪಕ್ಕ ಆಗಿದ್ದು. ಓದಿದ್ದಕ್ಕೆ ಆಗಿದ್ದಲ್ಲಂತೆ. ಲೈಟಿಗೆ ಬರೋ ಹುಳ. ಕಂಬದ ಲೈಟಿಗೆ ಬಂದಿತ್ತು."

ಅತ್ತೆಯ ಕೈ ನಿಂತಿತು. ಸುಲಿದ ಕಾಯಿ ಬೆರಳ ಸಂದಿಯಲ್ಲೇ ಇತ್ತು. ನಾನು ಅಳು ಬರುತ್ತದೆ ಎಂದುಕೊಂಡೆ, ಇಲ್ಲವೇ ಸಿಟ್ಟು. ಅವಳು ಕೇಳಿದ್ದು ಬೇರೆಯೇ.

"ಎಷ್ಟು ದೊಡ್ದೈತೆ?"

ಅಜ್ಜಿ ಅತ್ತಿತ್ತ ನೋಡಿ, ಮೊರದೊಳಗಿಂದ ಶೇಂಗಾ ಕಾಳಿನ ಒಂದು ಚೂರು ಸಿಪ್ಪೆ ಹೆಕ್ಕಿ ಅಂಗೈ ಮೇಲಿಟ್ಟು ತೋರಿಸಿದಳು. ಅತ್ತೆ ಬಗ್ಗಿ ನೋಡಿದಳು. ಬಹಳ ಹೊತ್ತು ನೋಡಿದಳು.

"ಇಷ್ಟಕ್ಕೇನಾ ಅವ್ವಾ" ಎಂದಳು.

ಅಜ್ಜಿ ಅಂಗೈಯನ್ನು ಹಾಗೇ ಚಾಚಿಕೊಂಡು ಕೂತಿದ್ದಳು. ಗಾಳಿ ಬಂದು ಸಿಪ್ಪೆ ಹಾರಿಹೋದ ಮೇಲೂ ಕೈ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಆಗ ಅತ್ತೆಯೇ ಆ ಕೈಗೆ ಒಂದು ಹಿಡಿ ಕಾಯಿ ಸುರಿದು, ಸುಲಿ ಎಂಬಂತೆ ಮುಚ್ಚಿದಳು. ನನ್ನ ಕಡೆ ನೋಡಿ, ನನ್ನ ಕಣ್ಣಿನ ಕೆಳಗಿನ ಮಾಯುತ್ತಿದ್ದ ಬರೆ ನೋಡಿ, "ಇವಳನ್ನ ಬಿಡಿಸಬ್ಯಾಡ" ಎಂದಳು.

"ಇಲ್ಲ. ಅದನ್ನ ನಿನಗೆ ಹೇಳಿ ಹೋಗಾನ ಅಂತಾನೇ ಬಂದೆ" ಎಂದಳು ಅಜ್ಜಿ.

ಅತ್ತೆ ಎದ್ದು ಒಳಗೆ ಹೋದಳು. ಚಹಾ ಮಾಡಲು ಹೋದವಳು ಬರಲು ಬಹಳ ಹೊತ್ತು ಹಿಡಿಯಿತು. ಮಾರನೆಯ ದಿನ ಬೆಳಿಗ್ಗೆ ನಾನು ಎದ್ದು ಹೊರಗೆ ಬಂದರೆ, ಬೆಳೆದ ಮಕ್ಕಳ ತಾಯಿಯಾದ ಜಯತ್ತೆ ಅಂಗಳದಲ್ಲಿ ಕಾಲು ಚಾಚಿ ಕೂತಿದ್ದಳು. ಹಿಂದೆ ಅಜ್ಜಿ ಅವಳ ತಲೆಗೆ ಎಣ್ಣೆ ಹಚ್ಚುತ್ತಿದ್ದಳು. ಎಣ್ಣೆಗೈಯ ಹೆಬ್ಬೆರಳು ಆಗಾಗ ಎಡಗಣ್ಣಿನ ಪಕ್ಕಕ್ಕೆ ಹೋಗಿ ಬರುತ್ತಿತ್ತು. ನಾನು ಸದ್ದು ಮಾಡದೆ ಒಳಗೆ ಹೋಗಿ ಮತ್ತೆ ಮಲಗಿದೆ.

ಊರಿಗೆ ಬಂದ ದಿನವೇ ಟ್ಯೂಬ್‌ಲೈಟು ಅಟ್ಟದಿಂದ ಇಳಿಯಿತು. ಅಜ್ಜಿ ಅದನ್ನು ಪಡಸಾಲೆಗೆ ಹಾಕಿಸಲಿಲ್ಲ. ದೂರದ ದನದ ಕೊಟ್ಟಿಗೆಯ ಕಡೆ ಹಾಕಿಸಿದಳು. ಹುಳ ಬರುವುದಾದರೆ ಅಲ್ಲಿಗೆ ಹೋಗಲಿ ಎಂದು. ಬಡವರ ಮನೆಯ ಎಮ್ಮೆಗೆ ಟ್ಯೂಬ್‌ಲೈಟು ಎಂದು ಊರು ನಕ್ಕಿತು. ನನಗೆ ಒಳಗೆ ಹಳೆಯ ಬುರುಡೆ ಬಲ್ಬು, ಅದರ ಕೆಳಗೆ ಸೊಳ್ಳೆಪರದೆ. ಸಾಲದ್ದಕ್ಕೆ ಪರದೆಯೊಳಗೆ ನನ್ನ ಪಕ್ಕದಲ್ಲಿ ಅಜ್ಜಿ. ಕೊಯ್ಲಿನ ಕಾಲದಲ್ಲಿ ಟೀವಿಯ ಧಾರಾವಾಹಿ ಬಿಟ್ಟು ಬಂದು ಕೂರುತ್ತಿದ್ದಳು. ನನ್ನ ಮೇಲೆ ಏನು ಕಂಡರೂ ಊದುತ್ತಿದ್ದಳು. ಮಚ್ಚೆಗೆ ಊದಿದಳು, ಇಂಕಿನ ಚುಕ್ಕೆಗೆ ಊದಿದಳು, ಒಮ್ಮೆ ಪ್ರಾಣಿಶಾಸ್ತ್ರದ ಪುಸ್ತಕದಲ್ಲಿದ್ದ ಜೀರುಂಡೆಯ ಚಿತ್ರಕ್ಕೂ ಊದಿದಳು. ದರ್ಗಾದ ಸಾಬರು ಊದಿದ್ದು ಸರಿಯೇ ಇತ್ತು, ಒಂದು ದಿನ ತಡವಾಗಿ ಊದಿದರು ಅಷ್ಟೇ ಎಂದು ತೀರ್ಪು ಕೊಟ್ಟಳು. ಎಲೆ ಅಡಿಕೆಯ ವಾಸನೆಯ ಆ ಉಸಿರು ಕುತ್ತಿಗೆಗೆ ತಾಗುವಾಗ ನನಗೆ ಎಷ್ಟೋ ಸಲ ಓದುತ್ತಿದ್ದ ಸಾಲು ತಪ್ಪಿಹೋಗುತ್ತಿತ್ತು. ಆದರೂ ಬಿ.ಎಸ್ಸಿ. ಮುಗಿಸಿದೆ. ರಿಸಲ್ಟಿನ ದಿನ ಅಜ್ಜಿ ಊರೆಲ್ಲ ಹೇಳಿಕೊಂಡು ಬಂದದ್ದು, ನಾನು ಎರಡೂ ಕಣ್ಣು ಉಳಿಸಿಕೊಂಡು ಪಾಸಾಗಿದ್ದೇನೆ ಎಂದು.

ಅಜ್ಜಿ ಈಗಿಲ್ಲ. ನಾನು ಈ ಕಥೆಯನ್ನು ತರಗತಿಯಲ್ಲಿ ಪ್ರತಿ ವರ್ಷ ಹೇಳುತ್ತೇನೆ, ಕೀಟಗಳ ಪಾಠ ಬಂದಾಗ. ಒಂದು ಹುಳದಿಂದ ನನ್ನ ಓದು ಹೇಗೆ ತಪ್ಪುವುದರಲ್ಲಿತ್ತು, ಹೇಗೆ ಗೆದ್ದೆ ಎಂದು. ಮಕ್ಕಳು ನಗುತ್ತಾರೆ, ನಾನೂ ಬೀಗುತ್ತೇನೆ. ಹೇಳುವಾಗ ಜಯತ್ತೆಯ ಭಾಗ ಚಿಕ್ಕದಾಗಿ ಬಂದು ಹೋಗುತ್ತಿತ್ತು, ನನ್ನ ಭಾಗಕ್ಕೆ ಪೀಠಿಕೆಯ ಹಾಗೆ.

ಇವತ್ತು ಸಂಜೆ ಶಾಲೆಯಿಂದ ಬಂದು, ಅಡುಗೆ ಮುಗಿಸಿ ನೋಡುತ್ತೇನೆ, ಅತ್ತೆ ಮತ್ತೆ ಹೊರಗಿನ ಲೈಟಿನ ಕೆಳಗೆ ಕೂತಿದ್ದಾಳೆ. ಕುತ್ತಿಗೆಯ ಮೇಲೆ ಕ್ಯಾಲಮೈನ್ ಒಣಗಿ ಬೆಳ್ಳಗಾಗಿದೆ. ಮಡಿಲಲ್ಲಿ ನಾನು ಪಾಠ ಮಾಡುವ ಎಂಟನೇ ತರಗತಿಯ ವಿಜ್ಞಾನದ ಪುಸ್ತಕ. ಅದು ಕಪಾಟಿನಿಂದ ಹೋದದ್ದೂ ನನಗೆ ಗೊತ್ತಿರಲಿಲ್ಲ. ಅರ್ಧದವರೆಗೆ ಬಂದಿದ್ದಾಳೆ, ಬೆರಳು ಸಾಲಿನ ಕೆಳಗೆ ನಿಧಾನವಾಗಿ ಸರಿಯುತ್ತಿದೆ, ತುಟಿ ಅಲ್ಲಾಡುತ್ತಿದೆ. ಅವಳ ಶಾಲೆ ನಿಂತದ್ದು ಎಂಟನೆಯ ಇಯತ್ತೆಗೆ ಸೇರುವ ಮುಂಚೆ.

ನಿನ್ನೆಯೂ ಅವಳು ಗಾಳಿಗೆ ಕೂತಿರಲಿಲ್ಲ ಎಂಬುದು ಆಗ ಹೊಳೆಯಿತು. ಬಾಗಿಲಲ್ಲೇ ನಿಂತು, ಒಳಗೆ ಬಾ ಅತ್ತೆ, ಒಳಗಿನ ಲೈಟು ಹಾಕುತ್ತೇನೆ, ಅಲ್ಲಿ ಹುಳ ಬೀಳುತ್ತವೆ ಎಂದೆ. ಅವಳು ಪುಟದ ಮೇಲಿನ ಬೆರಳನ್ನು ತೆಗೆಯಲಿಲ್ಲ.

"ಬಿದ್ರೆ ಬೀಳ್ಲಿ ಬಿಡು ತಾಯಿ" ಎಂದಳು. "ಈಗ ನನ್ನ ಓದು ಬಿಡಿಸೋರು ಯಾರವ್ರೆ."